ಎಷ್ಟು ಮುಳುಗುತ್ತೆ, ಎಷ್ಟು ತೇಲುತ್ತೆ

ಭಾರ ಇರೋದು ಮುಳುಗುತ್ತೆ, ಹಗುರ ಇರೋದು ತೇಲುತ್ತೆ ಅಂತ ನಾನು ತುಂಬಾ ದಿನ ಅಂದ್ಕೊಂಡಿದ್ದೆ, ಆದ್ರೆ ಒಂದು ಪುಟ್ಟ ಮೊಳೆ ಬಕೆಟ್ ನೀರಿಗೆ ಬಿದ್ರೆ ಸೀದಾ ತಳಕ್ಕೆ ಹೋಗುತ್ತೆ, ಅದಕ್ಕಿಂತ ನೂರು ಪಟ್ಟು ಭಾರದ ಮರದ ತುಂಡು ಆರಾಮಾಗಿ ಮೇಲೇ ಇರುತ್ತೆ, ಹಾಗಿದ್ರೆ ಬರೀ ತೂಕದ ಲೆಕ್ಕ ಸರಿಯಿಲ್ಲ ಅಂತಾಯ್ತಲ್ಲ.

ನೋಡ್ಬೇಕಾಗಿರೋದು ಸ್ಪೆಸಿಫಿಕ್ ಗ್ರಾವಿಟಿ, ಪುಸ್ತಕದ ಕನ್ನಡದಲ್ಲಿ ಸಾಪೇಕ್ಷ ಸಾಂದ್ರತೆ. ಅಷ್ಟೇ ಜಾಗದ ನೀರಿಗಿಂತ ವಸ್ತು ಎಷ್ಟು ಪಟ್ಟು ಭಾರ ಅನ್ನೋ ನಂಬರ್. ಕಬ್ಬಿಣ ಸುಮಾರು 7.8, ಮುಳುಗ್ತು. ನಂಗೆ ತುಂಬಾ ಇಷ್ಟ ಆಗಿದ್ದು ಏನಂದ್ರೆ, ನಂಬರ್ 1ಕ್ಕಿಂತ ಕಮ್ಮಿ ಇದ್ರೆ ವಸ್ತು ಎಷ್ಟು ಭಾಗ ಒಳಗೆ ಇರುತ್ತೆ ಅಂತಲೂ ಅದೇ ಹೇಳ್ಬಿಡುತ್ತೆ! 0.6 ಇರೋ ಮರ ಸಿಹಿನೀರಲ್ಲಿ 60% ಒಳಗೆ, 40% ಹೊರಗೆ, ಯಾಕಂದ್ರೆ ತೇಲೋ ವಸ್ತು ತನ್ನ ತೂಕದಷ್ಟೇ ನೀರನ್ನ ಪಕ್ಕಕ್ಕೆ ತಳ್ಳುತ್ತೆ, ಹಳೇ ಕಾಲದ ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸ್ ಹೇಳಿದ್ದೂ ಇದನ್ನೇ. (ಅವನು ಸ್ನಾನದ ತೊಟ್ಟಿಯಿಂದ ಎದ್ದು ಬರೀ ಮೈಲಿ ಬೀದೀಲಿ ಓಡಿದ ಕಥೆ ನಿಜವೋ ಸುಳ್ಳೋ, ಲೆಕ್ಕ ಮಾತ್ರ ಪಕ್ಕಾ.)

ಮಂಜುಗಡ್ಡೆ 0.917, ಸಮುದ್ರದ ನೀರು ಸುಮಾರು 1.025, ಭಾಗಿಸಿದ್ರೆ ಹತ್ತಿರ ಹತ್ತಿರ 0.9. ಅದಕ್ಕೇ ಸಮುದ್ರದಲ್ಲಿ ತೇಲೋ ದೊಡ್ಡ ಹಿಮಗಡ್ಡೆ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಕಾಣೋದು.

ಹಡಗು ಕಬ್ಬಿಣದ್ದೇ, ಆದ್ರೆ ಒಳಗೆಲ್ಲ ಖಾಲಿ, ಗಾಳಿ ಸೇರಿಸಿ ಸರಾಸರಿ ತೆಗೆದ್ರೆ 1ಕ್ಕಿಂತ ಕಮ್ಮಿ. ತೂತಾಗಿ ಗಾಳಿ ಜಾಗಕ್ಕೆ ನೀರು ನುಗ್ತಾ ಹೋದ್ರೆ ಆ ಸರಾಸರಿ ಏರ್ತಾ ಹೋಗುತ್ತೆ, 1 ದಾಟಿದ್ರೆ (ಸಮುದ್ರದಲ್ಲಾದ್ರೆ 1.025) ಕಥೆ ಮುಗೀತು.

ಲೋಟದ ನೀರಲ್ಲಿ ತೇಲ್ತಿರೋ ಐಸ್ ಕರಗಿದ್ರೆ ಮಟ್ಟ ಏರುತ್ತಾ? ಏರಲ್ಲ, ಮಾಡಿ ನೋಡಿ.