ತಮಟೆಯವರ ಹೆಸರೂ ಪೋಸ್ಟರಿನಲ್ಲಿ ಬರಲಿ

ಮೊನ್ನೆ ಸಂಜೆ ಮಾರಿಕುಪ್ಪಂ ರೈಲು ಮಾಲೂರು ದಾಟಿದ ಮೇಲೆ ಕೂರೋಕೆ ಜಾಗ ಸಿಕ್ಕಿತು. ಫೋನ್ ತೆಗೆದರೆ ಚಿಕ್ಕಮ್ಮನ ಮಗನ ಮೆಸೇಜು. ‘ಅಕ್ಕಾ, ಆಫ್ ಫೆಸ್ಟಿವಲ್‌ಗೆ ಇನ್ನಷ್ಟು ಬ್ಯಾಂಡ್ ಸೇರಿಕೊಂಡಿವೆ, ನೋಡು.’ ಅವನು ಪೋಲೆಂಡಿನ ಕ್ರಾಕೋವ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಂದ ಕಾಟೊವಿತ್ಸೆ ಅನ್ನೋ ಊರು ಸುಮಾರು 80 ಕಿಲೋಮೀಟರ್. ಹೆಚ್ಚು ಕಡಿಮೆ ಬಂಗಾರಪೇಟೆಯಿಂದ ಬೆಂಗಳೂರಿಗೆ ಇರುವಷ್ಟೇ. ಬೇಸಿಗೆಯಲ್ಲಿ, ಆಗಸ್ಟ್ ಮೊದಲ ವಾರದ ಹೊತ್ತಿಗೆ, ಮೂರು ಕೆರೆಗಳ ಕಣಿವೆ ಅಂತ ಕರೆಯುವ ಅಲ್ಲಿನ ಪಾರ್ಕಿನಲ್ಲಿ ‘ಆಫ್’ ಅನ್ನೋ ಈ ಸಂಗೀತದ ಫೆಸ್ಟಿವಲ್ ನಡೆಯುತ್ತೆ.

ಇಂಥ ಪಟ್ಟಿಯನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೇಲಿರುವ ಹೆಸರುಗಳು ಹೇಗೂ ಗೊತ್ತಿರುತ್ತವೆ. ಅಮೆರಿಕದ್ದೋ ಇಂಗ್ಲೆಂಡಿನದೋ ಬ್ಯಾಂಡು, ಬೇಸಿಗೆಯಿಡೀ ಊರೂರು ಸುತ್ತುತ್ತಾ ಇರುತ್ತೆ, ಗುರುವಾರ ಜರ್ಮನಿಯಲ್ಲಿ ಹಾಡಿದ್ದರೆ ಶುಕ್ರವಾರ ಪೋಲೆಂಡಿಗೆ ಬರೋದು ಕಷ್ಟವಲ್ಲ, ಹಾಗಾಗಿ ತುಂಬಾ ದುಡ್ಡಿಲ್ಲದ ಫೆಸ್ಟಿವಲ್ಲಿಗೂ ಅವರು ಸಿಗುತ್ತಾರೆ. ಜನ ಟಿಕೆಟ್ ತಗೊಳ್ಳೋದು ಅವರಿಗೋಸ್ಕರವೇ. ಆದರೆ ಕೆಳಗಡೆ ಪೋಲೆಂಡಿನದೇ ಬ್ಯಾಂಡ್‌ಗಳು ಇರುತ್ತವೆ. ಮಧ್ಯಾಹ್ನ ಬೇಗ ಬಂದವನು ಸುಮ್ನೆ ಒಂದು ಸ್ಟೇಜ್ ಹತ್ತಿರ ನಿಂತು, ಹೆಸರೇ ಕೇಳದ ನಾಲ್ಕು ಹುಡುಗರ ಹಾಡು ಕೇಳಿ, ಮನೆಗೆ ಹೋಗುವಾಗ ಅದನ್ನೇ ಗುನುಗುತ್ತಾ ಹೋಗುತ್ತಾನೆ. ನನ್ನ ಪ್ರಕಾರ ಫೆಸ್ಟಿವಲ್ ಇರೋದೇ ಇದಕ್ಕೆ.

ಈ ಆಫ್ ಫೆಸ್ಟಿವಲ್ ಶುರು ಮಾಡಿದವರು ಆರ್ತುರ್ ರೊಯೆಕ್. ಅವರೂ ಹಾಡುಗಾರರೇ. ಅವರಿದ್ದ ಬ್ಯಾಂಡಿನ ಹೆಸರು ಮಿಸ್ಲೊವಿಟ್ಸ್. ಕಾಟೊವಿತ್ಸೆ ಪಕ್ಕದ ಮಿಸ್ಲೊವಿತ್ಸೆ ಅವರ ಊರು, ಅದರ ಹೆಸರನ್ನೇ ಬ್ಯಾಂಡಿಗೂ ಇಟ್ಟುಕೊಂಡರು. 2006ರಲ್ಲಿ ಫೆಸ್ಟಿವಲ್ ಶುರುವಾಗಿದ್ದೂ ಅದೇ ಊರಲ್ಲಿ. 2010ರಲ್ಲಿ ಕಾಟೊವಿತ್ಸೆಗೆ ಬಂತು. ನಮ್ಮ ಹುಡುಗರು ಯಾರಾದರೂ ತಮ್ಮ ಬ್ಯಾಂಡಿಗೆ ‘ಬಂಗಾರಪೇಟೆ’ ಅಂತ ಹೆಸರಿಟ್ಟು, ಆ ಹೆಸರಲ್ಲೇ ದೇಶಕ್ಕೆಲ್ಲ ಗೊತ್ತಾದರೆ ಹೇಗಿರುತ್ತೆ ಅಂತ ರೈಲಿನಲ್ಲಿ ಕೂತು ತುಂಬಾ ಹೊತ್ತು ಯೋಚಿಸಿದೆ. ಚೆನ್ನಾಗಿರುತ್ತೆ ಅಲ್ವಾ?

ಕಾಟೊವಿತ್ಸೆ ಬಗ್ಗೆ ನನಗೆ ಇಷ್ಟು ಆಸಕ್ತಿ ಬರೋಕೆ ಇನ್ನೊಂದು ಕಾರಣ ಇದೆ. ಅದು ಗಣಿ ಊರು. ಅಲ್ಲಿ ಕಲ್ಲಿದ್ದಲು, ನಮ್ಮ ಕೆಜಿಎಫ್‌ನಲ್ಲಿ ಚಿನ್ನ. ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದರು. ಮೂರು ಕಿಲೋಮೀಟರಿಗಿಂತ ಆಳದ ಗಣಿ ಅದು. ಕೆಳಗೆ ಇಳಿದರೆ ಬಂಡೆಯೇ ಬಿಸಿ ಉಸಿರು ಬಿಡುತ್ತೆ ಅನ್ನೋರು. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿಗಳು ಮುಚ್ಚಿದವು. ಈಗ ಅಲ್ಲಿ ಹೋದರೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸಯನೈಡ್ ದಿಬ್ಬ, ತುಕ್ಕು ಹಿಡಿದ ಚಕ್ರಗಳು, ಗಾಳಿ. ಕಾಟೊವಿತ್ಸೆಯಲ್ಲೂ ಊರ ನಡುವಿನ ದೊಡ್ಡ ಗಣಿ ಮುಚ್ಚಿತು. ಆ ಜಾಗದಲ್ಲಿ ಇವತ್ತು ಮ್ಯೂಸಿಯಂ ಇದೆ, 2014ರಲ್ಲಿ ತೆರೆದ ದೊಡ್ಡ ಸಂಗೀತ ಹಾಲ್ ಇದೆ. 2015ರಲ್ಲಿ ಯುನೆಸ್ಕೊ ಆ ಊರನ್ನು ಸಂಗೀತದ ನಗರ ಅಂತ ಗುರುತಿಸಿತು. ನಿಕಿಶೊವಿಯೆತ್ಸ್ ಅನ್ನೋ ಕೆಂಪು ಇಟ್ಟಿಗೆಯ ಗಣಿ ಕಾರ್ಮಿಕರ ಬೀದಿಗಳಲ್ಲಿ ಡಿಸೆಂಬರ್ 4ರ ಬೆಳಗಿನ ಜಾವ ಗಣಿಯವರ ಬ್ಯಾಂಡು ಊದುತ್ತಾ ಹೋಗಿ ಜನರನ್ನು ಎಬ್ಬಿಸುತ್ತೆ. ಅದು ಗಣಿಯವರ ಹಬ್ಬದ ದಿನ. ತಮ್ಮ ಕಳಿಸಿದ ಆ ವಿಡಿಯೋ ನೋಡುವಾಗ ನನಗೆ ಗಂಟಲು ಕಟ್ಟಿತು.

ಹೀಗೇ ಒಂದರಿಂದ ಒಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಹಾನ್ಬಾ ಅನ್ನೋ ಬ್ಯಾಂಡು, ಕ್ರಾಕೋವ್‌ನವರು. ಹೆಸರಿನ ಅರ್ಥ ನಾಚಿಕೆಗೇಡು ಅಂತ. ಎಲೆಕ್ಟ್ರಿಕ್ ಗಿಟಾರ್ ಇಲ್ಲ. ಅಕಾರ್ಡಿಯನ್, ಬ್ಯಾಂಜೊ, ಟೂಬಾ, ಒಂದು ಡ್ರಮ್, ಅಷ್ಟೇ. 1930ರ ಸುಮಾರಿನ ಪೋಲೆಂಡಿನ ಬೀದಿಯಲ್ಲಿ ನಿಂತು ಹಾಡುವವರ ಹಾಗೆ, ಯುಲಿಯಾನ್ ತುವಿಮ್ ಅಂಥ ಆ ಕಾಲದ ಕವಿಗಳ ಸಾಲುಗಳನ್ನು ಕಿರುಚಿ ಹಾಡುತ್ತಾರೆ. ಭಾಷೆ ಒಂದಕ್ಷರ ಗೊತ್ತಾಗಲ್ಲ, ಕೋಪ ಮಾತ್ರ ಪೂರ್ತಿ ಗೊತ್ತಾಗುತ್ತೆ.

ಇನ್ನೊಂದು ಗ್ದಾನ್ಸ್ಕ್‌ನ ತ್ರುಪಾ ತ್ರುಪಾ. ಅದರ ಹಾಡುಗಾರ ಗ್ಜೆಗೊಶ್ ಕ್ವಿಯಾತ್ಕೊವ್‌ಸ್ಕಿ ಕವಿಯೂ ಹೌದು. ಅವರೂ ಬ್ಯಾಂಡಿನ ಗೆಳೆಯರೊಬ್ಬರೂ ತಮ್ಮ ಊರಿನ ಹತ್ತಿರ, ಹಿಂದೆ ನಾಜಿಗಳ ಸ್ಟುಟ್‌ಹೋಫ್ ಶಿಬಿರವಿದ್ದ ಜಾಗದ ಪಕ್ಕದ ಕಾಡಿನಲ್ಲಿ, ಕೊಳೆತು ಬಿದ್ದ ಚಪ್ಪಲಿ, ಬೂಟುಗಳ ಚೂರುಗಳನ್ನು ಕಂಡರು. ರಾಶಿ ರಾಶಿ. ಕೈದಿಗಳದ್ದು. ಆಮೇಲೆ ಅದನ್ನು ಎಲ್ಲರಿಗೂ ಹೇಳುತ್ತಾ ಬಂದಿದ್ದಾರೆ. ತನ್ನ ಊರಿನ ಮಣ್ಣಲ್ಲಿ ಏನಿದೆ ಅಂತ ಬಗ್ಗಿ ನೋಡಿದವರ ಹಾಡು ಬೇರೆಯೇ ಥರ ಕೇಳಿಸುತ್ತೆ. ಅದಾದ ಮೇಲೆ ಕೆಜಿಎಫ್‌ನ ಸಯನೈಡ್ ದಿಬ್ಬವನ್ನೂ ನಾನು ಬರೀ ದಿಬ್ಬ ಅಂತ ನೋಡೋಕೆ ಆಗ್ತಿಲ್ಲ.

ಈಗ ನಮ್ಮ ಕಡೆಯ ಮಾತು. ಹೋದ ವರ್ಷ ಹತ್ತಿರದ ಒಂದು ಊರಿನ ಜಾತ್ರೆಗೆ ಹೋಗಿದ್ದೆ. ಪೋಸ್ಟರಿನಲ್ಲಿ ಬೆಂಗಳೂರಿನಿಂದ ಆರ್ಕೆಸ್ಟ್ರಾ ಬರುತ್ತೆ ಅಂತ ಹಾಡುವವರ ಫೋಟೋ, ದೊಡ್ಡ ಅಕ್ಷರದಲ್ಲಿ ಹೆಸರು. ಕೆಳಗೆ ಒಂದು ಸಾಲು, ‘ತಮಟೆ ವಾದ್ಯ ಇರುತ್ತದೆ’. ಅಷ್ಟೇ. ಯಾರು ಬಡಿಯುತ್ತಾರೆ ಅಂತ ಇಲ್ಲ.

ಅವರು ಐದು ಜನ ಇದ್ದರು. ಶುರು ಮಾಡೋ ಮುಂಚೆ ಗುಡಿ ಹಿಂದೆ ಒಣ ತೆಂಗಿನ ಗರಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಚರ್ಮವನ್ನು ಉರಿಗೆ ಹಿಡಿಯೋದು, ತಿರುಗಿಸೋದು, ಬೆರಳಲ್ಲಿ ಒಂದು ಸಲ ಮೆಲ್ಲಗೆ ತಟ್ಟಿ ಕಿವಿಗೊಡೋದು, ಇನ್ನೂ ಸಾಲದು ಅಂತ ಮತ್ತೆ ಹಿಡಿಯೋದು. ಅವರಲ್ಲಿ ವಯಸ್ಸಾದವರೊಬ್ಬರು ಕಣ್ಣು ಮುಚ್ಚಿಕೊಂಡೇ ತಟ್ಟಿ ನೋಡುತ್ತಿದ್ದರು. ಐದೂ ತಮಟೆ ಒಂದೇ ಸಲ ಎದ್ದಾಗ ನನ್ನ ಎದೆ ಗೂಡಲ್ಲೇ ಯಾರೋ ಬಡಿದ ಹಾಗಾಯ್ತು. ಒಂಬತ್ತು ಗಂಟೆಗೆ ಆರ್ಕೆಸ್ಟ್ರಾದವರ ಲೈಟು ಹತ್ತಿತು. ಇವರಿಗೆ ಪಕ್ಕಕ್ಕೆ ಸರಿಯೋಕೆ ಹೇಳಿದರು. ಸರಿದರು.

ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ದೆಹಲಿಯವರೆಗೂ ಹೋದ ತಮಟೆಗೆ ನಮ್ಮೂರ ಪೋಸ್ಟರಿನಲ್ಲಿ ಒಂದು ಹೆಸರಿನ ಜಾಗ ಇಲ್ಲ ಅಂದರೆ ನನಗೆ ನಿಜವಾಗಲೂ ಸಂಕಟ ಆಗುತ್ತೆ. ಕೋಲಾರದಲ್ಲಿ ಹಾಗೆ ಮಾಡದವರೂ ಇದ್ದಾರೆ. ತೇರಹಳ್ಳಿ ಬೆಟ್ಟದ ಆದಿಮ ಅನ್ನೋ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡಿಗೆ ಒಮ್ಮೆ ಹೋಗಿದ್ದೆ. ಬಂಡೆ, ಬೆಳದಿಂಗಳು, ಹಾಡು. ಅಲ್ಲಿ ಊರಿನ ಹಾಡುಗಾರರೇ ಮುಖ್ಯ.

ನನ್ನ ಆಸೆ ದೊಡ್ಡದೇ. ಕೆಜಿಎಫ್‌ನಲ್ಲಿ ಒಂದು ಸ್ಟೇಜು, ಎರಡು ದಿನ. ಹೊರಗಿನ ಎರಡು ಬ್ಯಾಂಡ್ ಬರಲಿ, ಆಗೋದಾದರೆ ಹಾನ್ಬಾನೇ ಬರಲಿ. ಜೊತೆಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಗಿಟಾರ್ ಕಲಿಯುತ್ತಿರುವ ಹುಡುಗರು, ಆ ಐದು ಜನ ತಮಟೆಯವರು. ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಮಾತಾಡುವ ಈ ಕಡೆಯ ಜನಕ್ಕೆ ಪೋಲಿಷ್ ಹಾಡು ಕೇಳೋದು ಏನೂ ಕಷ್ಟ ಅಲ್ಲ.

ತಮ್ಮ ಶುಕ್ರವಾರದ ಟಿಕೆಟ್ ತಗೊಂಡಿದ್ದಾನೆ. ‘ಯಾವ ಬ್ಯಾಂಡ್ ನೋಡಲಿ ಅಕ್ಕಾ?’ ಅಂತ ಕೇಳಿದ. ನಾಲ್ಕು ಗಂಟೆಗೇ ಹೋಗಿ ಚಿಕ್ಕ ಸ್ಟೇಜಿನ ಮುಂದೆ ನಿಂತ್ಕೋ, ಪೋಲೆಂಡಿನವರು ಯಾರಿದ್ದರೂ ಸರಿ, ಫೋನ್ ಮಾಡಿ ಕೈ ಮೇಲೆತ್ತಿ ಹಿಡಿ ಅಂದೆ. ಅಲ್ಲಿ ನಾಲ್ಕಾದರೆ ಇಲ್ಲಿ ಏಳೂವರೆ. ಆ ಹೊತ್ತಿಗೆ ನಾನು ಇದೇ ರೈಲಿನಲ್ಲಿ ಇರುತ್ತೇನೆ. ಟೇಕಲ್ ಹತ್ತಿರ ಸಿಗ್ನಲ್ ಹೋಗದಿದ್ದರೆ ಸಾಕು.