ಬೇಲಿಗೊಂದು ತೂತು

"ತೋಟಕ್ಕೆ ನುಗ್ಗೋ ಪ್ರಾಣಿ ಓಡಿಸೋದ್ರಲ್ಲೇ ನನ್ನ ಅರ್ಧ ಆಯಸ್ಸು ಹೋಯ್ತು. ಇಲ್ಲಿ ನೀವು ಬೇಲಿಗೆ ತೂತು ಕೊರೆದು ಒಳಗೆ ಕರೀತೀರಲ್ಲ ಮಾರಾಯ್ತಿ!"

ಶನಿವಾರ ಅಪ್ಪಯ್ಯ ಹೀಗಂದರು. ಪಕ್ಕದ ಮನೆಯ ಅಜ್ಜಿ ಕೈಯಲ್ಲಿ ಗರಗಸ ಹಿಡಿದು ನಮ್ಮ ಹಿತ್ತಲಲ್ಲಿ ನಿಂತಿದ್ದರು. ಅವರಿಗೆ ಕನ್ನಡ ಬರಲ್ಲ. ಆದರೆ ತಮ್ಮ ಬಗ್ಗೆಯೇ ಏನೋ ಮಾತಾಯ್ತು ಅಂತ ಗೊತ್ತಾಯಿತು. "ಏನಂದ್ರು ನಿಮ್ಮಪ್ಪ?" ಅಂತ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅಜ್ಜಿ ನಗಲಿಲ್ಲ. ಸ್ವಲ್ಪ ಯೋಚಿಸಿ, "ಅವರಿಗೆ ಹೇಳು, ಅದು ಬಂದು ತಿಂದು ಹಾಕುವಂಥದ್ದು ನನ್ನ ಹತ್ತಿರ ಏನೂ ಇಲ್ಲ" ಅಂದರು.

ಅದನ್ನು ಕೇಳಿ ಅಪ್ಪಯ್ಯ ಗರಗಸಕ್ಕೆ ಕೈ ಚಾಚಿದರು. "ಹಂಗಾದ್ರೆ ಸರಿ. ಕೊಡಿ ಇಲ್ಲಿ. ಅಮ್ಮನಿಗೆ ಕೈ ನಡುಗ್ತದೆ."

ಅಜ್ಜಿಯನ್ನು ಅಪ್ಪಯ್ಯ ಅಮ್ಮ ಅಂತಲೇ ಕರೆಯುವುದು. ನಾನು ಎಲ್ಲರ ಹಾಗೆ ಹೆಸರು ಹಿಡಿದು ಕರೆಯುತ್ತೇನೆ. ಅದು ಅಪ್ಪಯ್ಯನಿಗೆ ಬಂದ ದಿನದಿಂದಲೂ ಸಹಿಸಲಾಗದ ಸಂಗತಿ.

ತೂತು ಬೇಕಾಗಿದ್ದು ಹೆಡ್ಜ್‌ಹಾಗ್‌ಗೆ. ಮೈತುಂಬಾ ಮುಳ್ಳು, ಆದರೆ ನಮ್ಮ ಮಲೆನಾಡಿನ ಮುಳ್ಳುಹಂದಿಗೂ ಇದಕ್ಕೂ ಸಂಬಂಧವಿಲ್ಲ. ಅಂಗೈ ಎರಡು ಜೋಡಿಸಿದರೆ ಅದರಲ್ಲೇ ಕೂರುವಷ್ಟು ಪ್ರಾಣಿ. ಹುಳು, ಜೀರುಂಡೆ, ಎರೆಹುಳ ತಿಂದು ಬದುಕುತ್ತದೆ. ಹೆದರಿದರೆ ಉಂಡೆಯಾಗಿ ಬಿದ್ದುಕೊಳ್ಳುತ್ತದೆ, ಅಷ್ಟೇ. ಒಂದು ರಾತ್ರಿಗೆ ಎರಡು ಕಿಲೋಮೀಟರ್ ತನಕ ಓಡಾಡುತ್ತದೆ ಅಂದರೆ ನಂಬುವುದು ಕಷ್ಟ. ಹಾಗೆ ಓಡಾಡಲು ಒಂದು ಹಿತ್ತಲು ಸಾಲದು. ಆದರೆ ಇಂಗ್ಲೆಂಡಿನ ರೆಡಿಂಗ್‌ನ ನಮ್ಮ ಬೀದಿಯಲ್ಲಿ ಪ್ರತಿ ಮನೆಗೂ ಹಲಗೆಯ ಬೇಲಿ, ಹೆಚ್ಚಿನ ಕಡೆ ಅದರ ಬುಡಕ್ಕೆ ಕಾಂಕ್ರೀಟ್ ಪಟ್ಟಿ. ಅದಕ್ಕೇ ಬೇಲಿಯಲ್ಲಿ 13 ಸೆಂಟಿಮೀಟರ್ ಉದ್ದಗಲದ ತೂತು ಬಿಡಿ ಅಂತ 2011ರಿಂದ 'ಹೆಡ್ಜ್‌ಹಾಗ್ ಸ್ಟ್ರೀಟ್' ಅನ್ನೋ ಅಭಿಯಾನ ಇಲ್ಲಿ ನಡೆದಿದೆ. ಅಜ್ಜಿ ಆ ಅಳತೆಗೆ ರಟ್ಟು ಕತ್ತರಿಸಿಕೊಂಡೇ ಬಂದಿದ್ದರು. ಇಷ್ಟು ವರ್ಷ ಪಕ್ಕದಲ್ಲಿದ್ದೂ ನಮ್ಮ ಮಧ್ಯೆ ಆಗಿದ್ದ ಮಾತೆಲ್ಲ ಬಿಸಿಲು, ಮಳೆ, ಕಸದ ಡಬ್ಬಿ ಇಡುವ ದಿನದ ಬಗ್ಗೆ. ಇಲ್ಲಿಯವರು ಕೆಟ್ಟವರಲ್ಲ. ಮಾತಾಡೋಕೆ ಒಂದು ನೆಪ ಬೇಕು, ಆ ನೆಪಕ್ಕೆ ನಾಲ್ಕು ಕಾಲಿದ್ದರೆ ಇನ್ನೂ ಒಳ್ಳೆಯದು.

ಅಪ್ಪಯ್ಯ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಇಲ್ಲಿಯ ಬೇಸಿಗೆ ಕಳೆಯಲು ನನ್ನ ಬಲವಂತಕ್ಕೆ ಬಂದವರು. ದೇಹ ಇಲ್ಲಿ, ಮನಸ್ಸು ತೋಟದಲ್ಲಿ. ಅಲ್ಲಿ ಜಡಿಮಳೆ. ಕೊಳೆರೋಗ ಬರುವ ಮುಂಚೆ ಅಡಿಕೆ ಗೊನೆಗಳಿಗೆ ಬೋರ್ಡೋ ಔಷಧಿ ಹೊಡೆಸಬೇಕು, ಹೊಡೆಯುವವರು ಸಿಗಬೇಕು, ಅವರು ಸಿಕ್ಕ ದಿನ ಮಳೆ ಹೊಳವಾಗಬೇಕು. ಜೊತೆಗೆ ಎಲೆಚುಕ್ಕಿ ರೋಗದ ಭಯ ಬೇರೆ. ದಿನಾ ತಮ್ಮನಿಗೆ ಫೋನ್. ಇಲ್ಲಿ ರಾತ್ರಿ ಒಂಬತ್ತಾದರೂ ಬೆಳಕು ಹೋಗಲ್ಲ. ಸಂಜೆಯ ಸಂಧ್ಯಾವಂದನೆ ಯಾವ ಹೊತ್ತಿಗೆ ಮಾಡೋದು ಅನ್ನೋದು ಮೊದಲ ವಾರದ ದೊಡ್ಡ ಸಮಸ್ಯೆಯಾಗಿತ್ತು. ಸೂರ್ಯ ಮುಳುಗುವ ತನಕ ಕಾದರೆ ಊಟಕ್ಕೆ ತಡ, ಊಟ ಮೊದಲು ಮಾಡಿದರೆ ಶಾಸ್ತ್ರಕ್ಕೆ ವಿರುದ್ಧ.

ನನ್ನ ಹಿತ್ತಲು ಈಗ ಚೆನ್ನಾಗಿದೆ, ನಾನೇ ಹೇಳಬೇಕು. ಲ್ಯಾವೆಂಡರ್ ಮೇಲೆ ಬೆಳಗಿನಿಂದ ದುಂಬಿ. ಸ್ವೀಟ್ ಪೀ ಬಳ್ಳಿ ಕಿಟಕಿ ಮುಟ್ಟಿದೆ. ಬೇಲಿ ಪಕ್ಕ ಗುಲಾಬಿ. ಅಪ್ಪಯ್ಯ ಒಂದು ಸುತ್ತು ಹಾಕಿ, "ತಿನ್ನೋಕಾಗದ್ದನ್ನ ಎಷ್ಟು ಮುತುವರ್ಜಿಯಿಂದ ಬೆಳೀತೀರಿ" ಅಂದಿದ್ದರು. ಕುಂಡದಲ್ಲಿ ಮೆಂತ್ಯ, ಕೊತ್ತಂಬರಿ, ಚಿಕ್ಕ ಗಾಜಿನ ಮನೆಯಲ್ಲಿ ಬಸಳೆ ಇರುವುದರಿಂದ ನನ್ನ ಮಾನ ಉಳಿಯಿತು. ಬೀನ್ಸ್ ಸಸಿಗಳನ್ನು ಮಾತ್ರ ಗೊಂಡೆಹುಳ, ಅಂದರೆ ಚಿಪ್ಪಿಲ್ಲದ ಬಸವನಹುಳ, ಬೋಳಿಸಿಬಿಟ್ಟಿತ್ತು. ಮದ್ದು ಹಾಕಬಾರದಾ ಅಂತ ಕೇಳಿದರು. ಇಲ್ಲಿ ಎಲ್ಲರೂ ಹಾಕುತ್ತಿದ್ದ ಮೆಟಾಲ್ಡಿಹೈಡ್ ಗುಳಿಗೆಗಳನ್ನು 2022ರಲ್ಲೇ ನಿಷೇಧಿಸಿದ್ದಾರೆ, ಹಕ್ಕಿ, ಹೆಡ್ಜ್‌ಹಾಗ್‌ಗೆಲ್ಲ ಅದರಿಂದ ಅಪಾಯ ಅಂತ ಹೇಳಿದೆ. "ಹೋ, ಅದಕ್ಕಾಗಿ ಕಾನೂನು ಬೇರೆ!" ಅಂದರು.

ಹೆಡ್ಜ್‌ಹಾಗ್‌ನ ಊಟದ ಕತೆ ಇನ್ನೂ ಮಜಾ. ಅಪ್ಪಯ್ಯ ಮೊದಲ ರಾತ್ರಿಯೇ ಬಟ್ಟಲಲ್ಲಿ ಹಾಲು ಅನ್ನ ಕಲಸಿ ತಂದಿದ್ದರು. ನಾನು ತಡೆದೆ. ಹಾಲಿನ ಸಕ್ಕರೆ ಅದಕ್ಕೆ ಅರಗಲ್ಲ, ಭೇದಿಯಾಗಿ ಸಾಯಲೂಬಹುದು. ಅಜ್ಜಿ ಸಣ್ಣವರಿದ್ದಾಗ ಇಂಗ್ಲೆಂಡಿನ ಮನೆಗಳಲ್ಲೂ ಹಾಲು ಬ್ರೆಡ್ಡೇ ಇಡುತ್ತಿದ್ದರಂತೆ. ಈಗ ನೀರು, ಮತ್ತೆ ಬೆಕ್ಕಿಗೆ ಹಾಕುವ ಮಾಂಸದ ಊಟ ಇಡಿ ಅಂತಾರೆ. ಮೊಟ್ಟೆಯೂ ಬಾರದ ನಮ್ಮ ಮನೆಗೆ ಹೀಗೆ ಕೋಳಿಮಾಂಸದ ಬೆಕ್ಕಿನ ಬಿಸ್ಕತ್ತು ಬಂತು. ಸೂಪರ್ ಮಾರ್ಕೆಟ್ಟಿನಲ್ಲಿ ಅಪ್ಪಯ್ಯ ಗಾಡಿಯಿಂದ ನಾಲ್ಕು ಹೆಜ್ಜೆ ದೂರ ನಡೆದರು. ಚೀಲ ಅಡುಗೆಮನೆಗೆ ಬರಬಾರದು, ಹೊರಗಿನ ಶೆಡ್ಡಿನಲ್ಲೇ ಇರಬೇಕು, ಅದಕ್ಕೊಂದು ಬೇರೆ ಚಮಚ. ನಾನು ಒಪ್ಪಿಕೊಂಡೆ.

ಹತ್ತು ಗಂಟೆ ಸುಮಾರಿಗೆ ಬರುತ್ತದೆ. ಮೊದಲು ಸಪ್ಪಳ, ಆಮೇಲೆ ಪ್ರಾಣಿ. ಮೂಗಿನಲ್ಲಿ ಗೊಸಗೊಸ ಮಾಡುತ್ತಾ ಹುಲ್ಲಿನ ಅಂಚಿನಲ್ಲೇ ಬಂದು, ಬಟ್ಟಲ ಮುಂದೆ ನಿಂತು, ಮನೆಯ ಒಳಗೆ ಯಾರೋ ಕೂತು ಹಪ್ಪಳ ಮುರಿದು ತಿಂದ ಹಾಗೆ ಕುರುಂ ಕುರುಂ ಅಂತ ತಿನ್ನುತ್ತದೆ. ಅಂಜಿಕೆಯೂ ಕಮ್ಮಿ. ಕಣ್ಣು ಮಂದ, ಮೂಗು ಚುರುಕು. ಒಮ್ಮೆ ಬಟ್ಟಲೊಳಗೇ ಹತ್ತಿ ನಿಂತಿತ್ತು. "ಸಂಸ್ಕಾರ ಇಲ್ಲ" ಅಂದ ಅಪ್ಪಯ್ಯ ನೋಡುವುದನ್ನು ಮಾತ್ರ ಬಿಡಲಿಲ್ಲ.

ಆದರೆ ನನ್ನ ತಲೆಯಲ್ಲಿ ತಿರುಗುತ್ತಿರುವುದು ಅಜ್ಜಿಯ ಮಾತು. ತಿಂದು ಹಾಕುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಅಪ್ಪಯ್ಯನ ಹತ್ತಿರ ಇದೆ. ಎಳೆ ಅಡಿಕೆ ಕಿತ್ತು ಚೀಪಿ ಎಸೆಯುವ ಮಂಗ, ತೆಂಗಿನ ಸಸಿಯ ಬುಡ ಕೊರೆದು ತಿರುಳು ತಿನ್ನುವ ಮುಳ್ಳುಹಂದಿ, ಗದ್ದೆಗೆ ನುಗ್ಗುವ ಕಾಡುಹಂದಿ, ಈಗ ಕಾಟಿ ಅನ್ನೋ ಕಾಡುಕೋಣ. ಕರೆಂಟು ಹರಿಸುವ ಐಬೆಕ್ಸ್ ಬೇಲಿ, ಗರ್ನಾಲು ಪಟಾಕಿ, ತಗಡು ಬಡಿಯೋದು, ರಾತ್ರಿ ಎದ್ದು ಬ್ಯಾಟರಿ ಹಿಡಿದು ಓಡೋದು. ಚಿಕ್ಕವಳಿದ್ದಾಗ ನಾನೂ ಓಡಿದ್ದೇನೆ. ಪ್ರಾಣಿ ದ್ವೇಷ ಅಂತ ಅದನ್ನು ಯಾರೂ ಕರೆಯುತ್ತಿರಲಿಲ್ಲ, ಕೆಲಸ ಅಂತಿದ್ದರು. ಈಗ ಊರಿಗೆ ಹೋದಾಗ, ಬೆಂಗಳೂರಿಂದ ಬಂದ ನೆಂಟರು ಮಂಗನಿಗೆ ಬಾಳೆಹಣ್ಣು ಎಸೆದು ಫೋಟೋ ತೆಗೆಯುವುದನ್ನು ನೋಡಿದರೆ ಮೈ ಉರಿಯುತ್ತದೆ. ಅದೇ ನಾನು ಇಲ್ಲಿ ಬಟ್ಟಲು ತೊಳೆದಿಡುತ್ತೇನೆ.

ಈ ದೇಶದಲ್ಲೂ ಪ್ರೀತಿ ಎಲ್ಲ ಕಡೆ ಒಂದೇ ತೂಕದ್ದಲ್ಲ. ತೋಳವನ್ನೂ ಕರಡಿಯನ್ನೂ ಎಂದೋ ಮುಗಿಸಿದ್ದಾರೆ. ದನಕ್ಕೆ ಕ್ಷಯ ಹರಡುತ್ತದೆ ಅಂತ 2013ರಿಂದ ಬ್ಯಾಜರ್ ಅನ್ನೋ ಕಾಡುಪ್ರಾಣಿಗಳನ್ನು ಗುಂಡಿಟ್ಟು ಕೊಂದಿದ್ದಾರೆ. ರೈತರೂ ಪ್ರಾಣಿಪ್ರಿಯರೂ ಅದಕ್ಕೆ ಬೀದಿಯಲ್ಲಿ ಜಗಳ ಆಡಿದ್ದಾರೆ. ಅಷ್ಟೇಕೆ, ಇದೇ ಹೆಡ್ಜ್‌ಹಾಗ್ ಕತೆ ಕೇಳಿ. ಸ್ಕಾಟ್ಲೆಂಡಿನ ಸೌತ್ ಯೂಯಿಸ್ಟ್ ದ್ವೀಪದಲ್ಲಿ 1974ರಲ್ಲಿ ಹಿತ್ತಲಿನ ಗೊಂಡೆಹುಳ ತಿನ್ನಲಿ ಅಂತ ಕೆಲವನ್ನು ತಂದು ಬಿಟ್ಟರು. ಅವು ಹೆಚ್ಚಾಗಿ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ತಿನ್ನತೊಡಗಿದವು. 2003ರಿಂದ ಹಿಡಿದು ಕೊಂದರು. ಜನ ಗಲಾಟೆ ಮಾಡಿದ ಮೇಲೆ 2007ರಲ್ಲಿ ಕೊಲ್ಲುವುದು ಬಿಟ್ಟು ಮುಖ್ಯ ಭೂಮಿಗೆ ಸಾಗಿಸಿದರು. ಬಿಳಿಯರೇ ಒಯ್ದು ಬಿಟ್ಟ ನ್ಯೂಜಿಲೆಂಡಿನಲ್ಲಿ ಈಗಲೂ ಅದು ಪೀಡೆಯ ಪಟ್ಟಿಯಲ್ಲಿದೆ. ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿದಾಗ ಅವರ ಮುಖ ಅರಳಿತು. "ನೋಡು, ಇಲ್ಲೂ ಅಷ್ಟೇ! ನಷ್ಟ ಆಗುವಲ್ಲಿ ಎಲ್ಲರೂ ರೈತರೇ."

ಬ್ರಿಟನ್ನಿನಲ್ಲಿ ಮಾತ್ರ ಅದು 2020ರಲ್ಲಿ ಅಪಾಯದಲ್ಲಿರುವ ಪ್ರಾಣಿಗಳ ಕೆಂಪು ಪಟ್ಟಿ ಸೇರಿತು. ಹಳ್ಳಿಗಾಡಿನಲ್ಲಿ 2000ದಿಂದ ಈಚೆಗೆ ಶೇಕಡ 30ರಿಂದ 75ರಷ್ಟು ಕಮ್ಮಿಯಾಗಿದೆ ಅಂತ 2022ರ ವರದಿ ಹೇಳಿತ್ತು. ಹೊಲದ ಅಂಚಿನ ಗಿಡಬೇಲಿಗಳನ್ನು ಕಿತ್ತಿದ್ದಾರೆ, ಔಷಧಿ ಹೊಡೆದು ಹುಳುಗಳೇ ಇಲ್ಲ. ಊರುಗಳ ಹಿತ್ತಲಿನಲ್ಲಿ ಪರಿಸ್ಥಿತಿ ಅಷ್ಟು ಕೆಟ್ಟಿಲ್ಲ. ಆದರೆ ಊರಿನಲ್ಲೂ ಜನ ಹುಲ್ಲು ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಸುತ್ತಿದ್ದಾರೆ. ನಮ್ಮ ಬೀದಿಯಲ್ಲೇ ಇದೆ. ಅದನ್ನು ನೋಡಿ ಅಪ್ಪಯ್ಯ ಬಗ್ಗಿ, ಮುಟ್ಟಿ, ಏನೂ ಹೇಳದೆ ಎದ್ದು ಬಂದರು. ಅವರ ಟೀಕೆಗಳಲ್ಲೇ ಅತಿ ಖಾರದ್ದು ಅದು.

ಅಜ್ಜಿಯ ಮಾತನ್ನು ಹಗುರ ಮಾಡುವುದಕ್ಕೂ ಮನಸ್ಸಾಗಲ್ಲ. ಕಳೆದುಕೊಳ್ಳೋಕೆ ಏನೂ ಇಲ್ಲದ ಎಷ್ಟೋ ಜನ ಬೇಲಿ ಮುಚ್ಚಿಯೇ ಇಟ್ಟಿದ್ದಾರಲ್ಲ. ಗಂಡ ತೀರಿಕೊಂಡಿದ್ದಾರೆ, ಮಕ್ಕಳು ದೂರ. ನಡುಗುವ ಕೈಯಲ್ಲಿ ಗರಗಸ ಹಿಡಿದು ಬಂದರು. ಅಪ್ಪಯ್ಯ ಸುಲಭಕ್ಕೆ ಯಾರನ್ನೂ ಮೆಚ್ಚುವವರಲ್ಲ. ಅಜ್ಜಿ ಹೋದ ಮೇಲೆ, "ಗಟ್ಟಿ ಹೆಂಗಸು" ಅಂದರು.

ತೂತಂತೂ ಚೆನ್ನಾಗಿ ಬಂತು. ಕಾಂಕ್ರೀಟ್ ಪಟ್ಟಿ ಇಲ್ಲದ ಕಡೆ ನೋಡಿ, ರಟ್ಟಿಟ್ಟು ಗೆರೆ ಎಳೆದು, ಕೊರೆದು, ಅಂಚಿಗೆ ಮರಳು ಕಾಗದ ಉಜ್ಜಿ ನುಣುಪು ಮಾಡಿದರು. ಮುಳ್ಳಿನ ಪ್ರಾಣಿಗೆ ನುಣುಪು ಯಾಕೆ ಅಂದರೆ, "ಹೊಟ್ಟೆಗೆ ಮುಳ್ಳಿಲ್ಲ, ನೋಡಿದೀನಿ" ಅಂತ ಉತ್ತರ. ಈಗ ಶೆಡ್ಡಿಗೆ ಹೋಗಿ ಬಿಸ್ಕತ್ತು ಹಾಕುವುದೂ ಅವರೇ. ಬಟ್ಟಲಿಗೆ ಬೆಕ್ಕು, ನರಿ ಬಾಯಿ ಹಾಕದಂತೆ ಪ್ಲಾಸ್ಟಿಕ್ ಡಬ್ಬಿ ಕವುಚಿ ಅದಕ್ಕೊಂದು ಬಾಗಿಲು ಕೊರೆದು ಮೇಲೆ ಇಟ್ಟಿಗೆ ಇಟ್ಟಿದ್ದಾರೆ.

ನಿನ್ನೆ ಫೋನಿನಲ್ಲಿ ತಮ್ಮನಿಗೆ ಇದೆಲ್ಲ ಗೊತ್ತಾಯಿತು. ಹೇಳಿದ್ದು ನಾನೇ. "ಅಪ್ಪಯ್ಯ, ಅಲ್ಲಿ ಕೂಡ್ರಿಸಿ ಊಟ ಹಾಕ್ತಿದೀರಂತೆ? ಇಲ್ಲಿ ನಾನು ರಾತ್ರಿಯಿಡೀ ಗರ್ನಾಲು ಹೊಡೀತಾ ಇದೀನಿ!"

"ಅದು ಬೇರೆ, ಇದು ಬೇರೆ" ಅಂದರು ಅಪ್ಪಯ್ಯ. ಹೇಗೆ ಬೇರೆ ಅಂತ ತಮ್ಮ ಕೇಳಲಿಲ್ಲ. ಔಷಧಿ ಹೊಡೆಯುವವರು ನಾಳೆ ಬರುತ್ತಾರಾ, ಮತ್ತೆ ಕೈಕೊಡುತ್ತಾರಾ ಅನ್ನುವುದರ ಕಡೆ ಮಾತು ತಿರುಗಿತು.