ಬುದ್ಧಪೀಠದ ಮರೆಯ ಅಚ್ಚುಯಂತ್ರ

ಶಿರಸಿಯ ನಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಮಾಸ್ತರರು ಬೌದ್ಧಧರ್ಮದ ಪಾಠವನ್ನು ಬನವಾಸಿಯಿಂದಲೇ ಆರಂಭಿಸುತ್ತಿದ್ದರು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರನು, ಅಂದರೆ ಹಿರಿಯ ಭಿಕ್ಷುವು, ವನವಾಸಕ್ಕೆ ಬಂದನೆಂದು ಶ್ರೀಲಂಕೆಯ ಪಾಳಿ ಇತಿಹಾಸಗ್ರಂಥ ‘ಮಹಾವಂಶ’ ಹೇಳುತ್ತದೆ. ಆ ವನವಾಸ ನಮ್ಮ ಬನವಾಸಿಯೇ ಎಂಬುದು ಅನೇಕ ವಿದ್ವಾಂಸರ ಮತ. ಬುದ್ಧ ಹೇಳಿದಂತೆ ದುಃಖಕ್ಕೆ ಕಾರಣವಿದೆ ಎಂದು ಒಪ್ಪಿದ ಮೇಲೆ ಗೇಣಿ, ಜಾತಿ, ಯುದ್ಧಗಳನ್ನೂ ಆ ಕಾರಣಗಳಲ್ಲಿ ಎಣಿಸಲೇಬೇಕು ಎಂಬುದು ಮಾಸ್ತರರ ನಿಲುವಾಗಿತ್ತು.

ಉಚಿಯಾಮ ಗುಡೊ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದ. ಜಪಾನಿನ ಹಾಕೊನೆ ಬೆಟ್ಟಸೀಮೆಯ ಬಡ ಹಳ್ಳಿಯಲ್ಲಿ ಝೆನ್ ಭಿಕ್ಷುವಾಗಿದ್ದ ಆತ ಬುದ್ಧವಿಗ್ರಹದ ಪೀಠದ ಮರೆಯಲ್ಲಿ ಅಚ್ಚುಯಂತ್ರವನ್ನು ಅಡಗಿಸಿಟ್ಟು, ಗೇಣಿ ಕೊಡಬೇಡಿ, ಸೈನ್ಯಕ್ಕೆ ಸೇರಬೇಡಿ ಎಂದು ರೈತರಿಗೆ ಹೇಳುವ ಪುಸ್ತಿಕೆಯನ್ನು 1908ರಲ್ಲಿ ಮುದ್ರಿಸಿದ. 1911ರ ಜನವರಿಯಲ್ಲಿ ರಾಜದ್ರೋಹದ ಆರೋಪದ ಮೇಲೆ ಅವನನ್ನು ಗಲ್ಲಿಗೇರಿಸಲಾಯಿತು. ಅವನನ್ನು ಹೊರಹಾಕಿದ್ದ ಅವನದೇ ಸೋತೋ ಎಂಬ ಝೆನ್ ಪಂಥವು ಮರಳಿ ಮಾನ್ಯತೆ ಕೊಟ್ಟದ್ದು 1993ರಲ್ಲಿ. ಅಂಕೋಲೆಯ ಕಡೆಯಿಂದ ಬಂದಿದ್ದ ಸಹಪಾಠಿಗಳಿಗೆ ಈ ಕಥೆ ದೂರದ್ದೆನಿಸಲಿಲ್ಲ. ದಿನಕರ ದೇಸಾಯಿಯವರ ರೈತ ಚಳವಳಿಯ ಸಂಗತಿಗಳನ್ನು ಅವರು ಮನೆಯ ಹಿರಿಯರಿಂದ ಕೇಳಿ ಬೆಳೆದವರು.

ಮಾಸ್ತರರು ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ಅಂಬೇಡ್ಕರರ ಬಳಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧರಾದ ಅವರು, ಮರುತಿಂಗಳು ಕಠ್ಮಂಡುವಿನಲ್ಲಿ ಬುದ್ಧನನ್ನೂ ಮಾರ್ಕ್ಸನನ್ನೂ ಎದುರುಬದುರು ಇಟ್ಟು ಮಾತನಾಡಿದರು. ಶೋಷಣೆ ತೊಲಗಬೇಕೆಂಬ ಗುರಿ ಇಬ್ಬರದ್ದೂ ಹೌದು, ಆದರೆ ಹಿಂಸೆ ಮತ್ತು ಸರ್ವಾಧಿಕಾರದ ದಾರಿ ಬುದ್ಧನದಲ್ಲ ಎಂಬುದು ಅವರ ವಾದದ ತಿರುಳು. ಇದೇ ವಿಷಯದ ಅವರ ಪ್ರಬಂಧದಲ್ಲಿ ಭಿಕ್ಷು ಇಟ್ಟುಕೊಳ್ಳಬಹುದಾದ ಎಂಟೇ ವಸ್ತುಗಳ ಪಟ್ಟಿಯಿದೆ. ಮೂರು ಚೀವರ (ಭಿಕ್ಷುವಿನ ಉಡುಪು), ಸೊಂಟದ ಪಟ್ಟಿ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ನೀರು ಸೋಸುವ ಬಟ್ಟೆ ಎಂದು ಮಾಸ್ತರರು ಬೆರಳು ಮಡಚುತ್ತ ಎಣಿಸಿ, ಖಾಸಗಿ ಆಸ್ತಿಯನ್ನು ಇಷ್ಟು ಕಟ್ಟುನಿಟ್ಟಾಗಿ ನಿರಾಕರಿಸಿದ ಸಂಸ್ಥೆ ಇನ್ನಾವುದಿದೆ ಹೇಳಿ ಎಂದು ಕೇಳುತ್ತಿದ್ದರು. ಭಿಕ್ಷುಸಂಘದ ಆ ನಿಯಮವನ್ನು ಇಡೀ ಸಮಾಜಕ್ಕೆ ಅನ್ವಯಿಸುವುದು ಹೇಗೆಂದು ನಾವು ವಾದಿಸಿದರೆ ಅವರಿಗೆ ಸಂತೋಷವಾಗುತ್ತಿತ್ತು. ಆ ಪ್ರಶ್ನೆ ನನಗೆ ಈಗಲೂ ಬಗೆಹರಿದಿಲ್ಲ.

ವಿಯೆಟ್ನಾಮಿನ ಬೌದ್ಧ ಭಿಕ್ಷು ಥಿಕ್ ನ್ಹಾತ್ ಹಾನ್ ಅವರ ಬಗ್ಗೆ ಒಂದೇ ತರಗತಿ ನಡೆಯಿತು. ಅವರ ಯುವ ಕಾರ್ಯಕರ್ತರು ಬಾಂಬು ಬಿದ್ದ ಹಳ್ಳಿಗಳನ್ನು ಮತ್ತೆ ಕಟ್ಟುತ್ತಿದ್ದರು. ಯುದ್ಧದಲ್ಲಿ ಯಾವ ಪಕ್ಷಕ್ಕೂ ಸೇರದ ಕಾರಣಕ್ಕೆ ಅವರನ್ನು ಎರಡೂ ಕಡೆಯವರು ಸಂಶಯದಿಂದ ಕಂಡರು. 1966ರಲ್ಲಿ ದೇಶ ಬಿಟ್ಟ ನ್ಹಾತ್ ಹಾನ್ ತಾಯ್ನಾಡಿಗೆ ಮರಳಲು 2005 ಬರಬೇಕಾಯಿತು.

ಕೊನೆಯ ವರ್ಷ ನಮ್ಮನ್ನು ಮುಂಡಗೋಡದ ಟಿಬೆಟನ್ ನೆಲೆಗೆ ಕರೆದೊಯ್ದರು. ಮಠದ ಅಂಗಳದಲ್ಲಿ ಭಿಕ್ಷುಗಳ ವಾದ ನಡೆದಿತ್ತು. ಪ್ರಶ್ನೆ ಕೇಳುವ ಭಿಕ್ಷು ನಿಂತು, ಕಾಲನ್ನು ನೆಲಕ್ಕಪ್ಪಳಿಸಿ, ಎರಡೂ ಅಂಗೈಗಳನ್ನು ಚಟ್ಟನೆ ತಟ್ಟಿ ಸವಾಲು ಹಾಕುತ್ತಿದ್ದ, ಕುಳಿತವನು ಉತ್ತರಿಸಲೇಬೇಕು. ಚೀನಾದ ಕಮ್ಯುನಿಸ್ಟ್ ಆಡಳಿತದಿಂದ ನಾಡು ಕಳೆದುಕೊಂಡವರು ಇವರು. ಆದರೂ ಸಾಮಾಜಿಕ, ಆರ್ಥಿಕ ವಿಚಾರಗಳಲ್ಲಿ ತಾವು ಮಾರ್ಕ್ಸ್‌ವಾದಿಯೆಂದು ದಲೈ ಲಾಮಾ ಬಹಿರಂಗವಾಗಿಯೇ ಹೇಳಿದ್ದಾರೆ. ಇದು ಹೇಗೆ ಸಾಧ್ಯವೆಂದು ನಾವು ಅಲ್ಲಿಯೇ ಕೇಳಿದೆವು. ಮಾಸ್ತರರು ಉತ್ತರ ಹೇಳದೆ, ವಾದಿಸುತ್ತಿದ್ದವರ ಕಡೆ ಕೈ ತೋರಿಸಿ, ಅವರನ್ನೇ ಕೇಳಿ ಎಂದರು. ನಾವು ಕೇಳಿದೆವು, ಊಟದ ಗಂಟೆ ಬಾರಿಸಿದರೂ ಆ ವಾದ ಮುಗಿಯಲಿಲ್ಲ.